ಗುರುಮಲ್ಲಪ್ಪನವರು ತೂಗಿದ ಹದಿನೇಳು ಮೀನುಗಳು

2024ರ ನವೆಂಬರ್ ಹತ್ತು, ಭಾನುವಾರ, ಸಂಜೆ ನಾಲ್ಕು ಗಂಟೆ ಹನ್ನೆರಡು ನಿಮಿಷಕ್ಕೆ ಗುರುಮಲ್ಲಪ್ಪನವರು ಪಿರಿಯಾಪಟ್ಟಣದ ಹತ್ತಿರದ ಒಂದು ಕೆರೆಯ ಏರಿಯ ಮೇಲೆ ಖಾಲಿ ಗೋಣಿಚೀಲವೊಂದನ್ನು ತೂಗುತ್ತಿದ್ದರು. ಆ ಹೊತ್ತಿನಲ್ಲಿ ಅದರ ತೂಕ ಬೇಕೆಂದು ಯಾರೂ ಕೇಳಿರಲಿಲ್ಲ. ಗಾಳ ಹಾಕುವ ಸ್ಪರ್ಧೆ ಮೂರೂವರೆಗೇ ಮುಗಿದಿತ್ತು. ನಾಲ್ಕು ಗಂಟೆ ಐದು ನಿಮಿಷಕ್ಕೆ ಫಲಿತಾಂಶವನ್ನು ಮೈಕಿನಲ್ಲಿ ಓದಿಯಾಗಿತ್ತು. ಜನ ಮೊದಲ ಬಹುಮಾನದ ಸುತ್ತ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು.

ಬೆಳಿಗ್ಗೆ ಆರಕ್ಕೆ ತೂಗಿದಾಗ ಚೀಲ ಆರುನೂರ ನಲವತ್ತು ಗ್ರಾಂ ಇತ್ತು. ಈಗ ಯಂತ್ರ ಒಂದು ಕೆಜಿ ನೂರ ಇಪ್ಪತ್ತು ತೋರಿಸಿತು. ಅವರು ಚೀಲವನ್ನು ಕೆಳಗಿಳಿಸಿ, ಯಂತ್ರ ಸೊನ್ನೆಗೆ ಬಂದದ್ದನ್ನು ನೋಡಿ, ಮತ್ತೆ ಇಟ್ಟರು. ಒಂದು ಕೆಜಿ ನೂರ ಇಪ್ಪತ್ತು.

ವ್ಯತ್ಯಾಸ ನಾನೂರ ಎಂಬತ್ತು ಗ್ರಾಂ. ಮೊದಲ ಸ್ಥಾನಕ್ಕೂ ಎರಡನೆಯ ಸ್ಥಾನಕ್ಕೂ ನಡುವೆ ಇದ್ದದ್ದು ಇನ್ನೂರ ಇಪ್ಪತ್ತು.

ಗುರುಮಲ್ಲಪ್ಪನವರು ಮೂವತ್ತೊಂದು ವರ್ಷ ಹೊಗೆಸೊಪ್ಪಿನ ಹರಾಜು ಮಾರುಕಟ್ಟೆಯಲ್ಲಿ ತೂಕಗಾರರಾಗಿದ್ದವರು. ರೈತರು ಸೊಪ್ಪನ್ನು ಗೋಣಿಬಟ್ಟೆಯಲ್ಲಿ ಸುತ್ತಿ ಬೇಲು ಕಟ್ಟಿ ತರುತ್ತಾರೆ. ಇವರು ಬೇಲನ್ನು ತೂಗಿ, ಗೋಣಿಯ ತೂಕ ಕಳೆದು, ಉಳಿದದ್ದನ್ನು ಬರೆಯುತ್ತಿದ್ದರು. ಬೆಳಿಗ್ಗೆ ಬಾಗಿಲು ತೆಗೆದಾಗ ಒಂದು ಸಲ, ಸಂಜೆ ಮುಚ್ಚುವಾಗ ಒಂದು ಸಲ ಖಾಲಿ ಗೋಣಿಯನ್ನು ತೂಗಿ ನೋಡುವುದು ಅವರ ಪದ್ಧತಿ. ಎರಡೂ ಒಂದೇ ಬಂದರೆ ಮಾತ್ರ ದಿನದ ಪುಸ್ತಕಕ್ಕೆ ಸಹಿ. ಮೂವತ್ತೊಂದು ವರ್ಷವೂ ಎರಡೂ ಒಂದೇ ಬಂದಿದ್ದವು. ತೂಗದೆ ಅವರು ಯಾವುದರ ತೂಕವನ್ನೂ ಹೇಳುತ್ತಿರಲಿಲ್ಲ. ಮದುವೆ ಮನೆಯಲ್ಲಿ ಯಾರಾದರೂ ಮಗುವನ್ನು ಕೈಗೆ ಕೊಟ್ಟು, "ಎಷ್ಟದೆ ಏಳಿ ನೋಡಾನ" ಎಂದರೆ, ಮಗು ಚೆನ್ನಾಗಿದೆ ಎಂದು ಹೇಳಿ ವಾಪಸು ಕೊಡುತ್ತಿದ್ದರು. ಸಂತೆಯಲ್ಲಿ ಅವರ ಹೆಂಡತಿ ಸುಂದ್ರಮ್ಮನಿಗೆ ತರಕಾರಿಯವನು ಭಯಕ್ಕೆ ಎರಡು ಬದನೆಕಾಯಿ ಹೆಚ್ಚು ಹಾಕುತ್ತಿದ್ದ. ಮಾರನೆಯ ವಾರ ಇವರು ಹೋಗಿ ಆ ಎರಡನ್ನೂ ಹಿಂತಿರುಗಿಸುತ್ತಿದ್ದರು. ಅಷ್ಟರಲ್ಲಿ ಅವು ಬಾಡಿರುತ್ತಿದ್ದವು ಎಂಬುದು ಸುಂದ್ರಮ್ಮನ ದೂರು.

ಇಂಥವರು ಮೀನಿನ ಸ್ಪರ್ಧೆಗೆ ಬಂದದ್ದು ನಾಲ್ಕನೆಯ ನಿಯಮದಿಂದಾಗಿ. ಸ್ಪರ್ಧೆ ನಡೆಸಿದವರು ಮೈಸೂರಿನ ಒಂದು ಗಾಳಗಾರರ ಸಂಘದವರು. ಅದರ ಕಾರ್ಯದರ್ಶಿ ಸುನೀಲ್‌ಕುಮಾರ್ ಹದಿನಾಲ್ಕು ನಿಯಮಗಳನ್ನು ಬರೆದು, ಹಾಳೆಗೆ ಪ್ಲಾಸ್ಟಿಕ್ ಹಾಕಿಸಿ, ಎಲ್ಲರಿಗೂ ಹಂಚಿದ್ದರು. ಒಬ್ಬರಿಗೆ ಒಂದೇ ಕೋಲು. ರಾಗಿ ಹಿಟ್ಟಿನ ಉಂಡೆ, ಹಿಂಡಿ, ಎರೆಹುಳು ಆಗಬಹುದು; ಜೀವಂತ ಮರಿಮೀನು ಆಗದು. ಮೀನನ್ನು ಜೀವಂತ ತರಬೇಕು; ಸತ್ತಿದ್ದರೆ ಕಾಲು ಕೆಜಿ ಕಡಿತ. ತೂಗಿದ ಎರಡು ನಿಮಿಷದೊಳಗೆ ಮೀನು ಕೆರೆಗೆ ವಾಪಸು. ನಾಲ್ಕನೆಯ ನಿಯಮದ ಪ್ರಕಾರ ತೂಕಗಾರನಿಗೆ ಮೀನಿನಲ್ಲಿ ಯಾವುದೇ ಹಿತಾಸಕ್ತಿ ಇರಕೂಡದು. ಕೆರೆಯ ಸುತ್ತಲಿನ ಊರುಗಳಲ್ಲಿ ಅಂಥವರನ್ನು ಹುಡುಕಿದ ಸುನೀಲ್‌ಕುಮಾರ್, ಕೊನೆಗೆ ಕೊರಳಲ್ಲಿ ಲಿಂಗ ಕಟ್ಟಿದ, ಮೀನನ್ನು ಇಂದಿನವರೆಗೆ ಮುಟ್ಟಿಯೂ ನೋಡಿರದ ಗುರುಮಲ್ಲಪ್ಪನವರ ಮನೆ ಬಾಗಿಲಿಗೆ ಬಂದರು.

"ನಾನು ಮುಟ್ಟಾಕಿಲ್ಲ," ಎಂದಿದ್ದರು ಇವರು. "ಇಡಿದೋರೇ ಚೀಲಕ್ಕೆ ಆಕ್ಲಿ, ಅವರೇ ತಗೀಲಿ. ನಾನು ಯಂತ್ರ ನೋಡ್ತೀನಿ."

"ಮುಟ್ಟಿದ್ರೆ ಇತ್ಲಲ್ಲೇ ನೀರು ಉಯ್ಕೊಂಡು ಒಳೀಕ್ ಬನ್ನಿ," ಎಂದಿದ್ದರು ಸುಂದ್ರಮ್ಮ.

ಒಂಬತ್ತನೆಯ ನಿಯಮ, ತೂಗಲು ನೀರು ನಿಲ್ಲದ ಬಲೆಚೀಲ ಬಳಸಬೇಕು ಎನ್ನುತ್ತಿತ್ತು. ಆ ಬಲೆಚೀಲ ಮೈಸೂರಿನಲ್ಲಿ ಸುನೀಲ್‌ಕುಮಾರರ ಮನೆಯ ಫ್ರಿಜ್ಜಿನ ಮೇಲೆಯೇ ಉಳಿದಿತ್ತು. ಗುರುಮಲ್ಲಪ್ಪನವರು ತಮ್ಮಲ್ಲಿದ್ದ ಹೊಸ ಗೋಣಿಚೀಲ ಕೊಟ್ಟರು. ಬೆಳಿಗ್ಗೆ ಅದನ್ನು ತೂಗಿ, ಪ್ರತಿ ಮೀನಿಗೂ ಆರುನೂರ ನಲವತ್ತು ಕಳೆದು ಬರೆದರು. ನೀರು ಚಿಮುಕಿಸಿ ತೂಕ ಹೆಚ್ಚಿಸಿ ತಂದ ಬೇಲುಗಳನ್ನು ಅವರು ಮಾರುಕಟ್ಟೆಯಲ್ಲಿ ಅಂಗೈ ಒತ್ತಿ ನೋಡಿಯೇ ವಾಪಸು ಕಳಿಸುತ್ತಿದ್ದರು. ಒದ್ದೆಯಾದದ್ದು ಅವರ ತಕ್ಕಡಿಯನ್ನು ಹತ್ತಿದ್ದೇ ಇಲ್ಲ. ಹಾಗಾಗಿ ಒದ್ದೆ ಗೋಣಿಯ ಲೆಕ್ಕ ಕಲಿಯುವ ಸಂದರ್ಭವೂ ಬಂದಿರಲಿಲ್ಲ.

ನಲವತ್ತೊಂದು ಜನ ಗಾಳ ಹಾಕಿದರು. ಹದಿನೇಳು ಮೀನು ತೂಕಕ್ಕೆ ಬಂದವು. ಮೊದಲನೆಯದು ಬೆಳಿಗ್ಗೆ ಏಳು ಇಪ್ಪತ್ತೈದಕ್ಕೆ, ಸುನಂದಮ್ಮನದು, ಐದು ಕೆಜಿ ನಲವತ್ತು ಗ್ರಾಂ. ಹದಿನಾಲ್ಕನೆಯದು ಮಧ್ಯಾಹ್ನ ಒಂದು ಐವತ್ತೆರಡಕ್ಕೆ, ಕಿರಣ್‌ಕುಮಾರನದು, ಐದು ಕೆಜಿ ಇನ್ನೂರ ಅರವತ್ತು ಗ್ರಾಂ. ಕಿರಣ್‌ಕುಮಾರ ಕಬಿನಿ ಹಿನ್ನೀರಿನ ಒಂದು ರೆಸಾರ್ಟಿನಲ್ಲಿ ಅತಿಥಿಗಳಿಗೆ ಗಾಳ ಹಾಕುವುದನ್ನು ಕಲಿಸುವವನು. ಸುನಂದಮ್ಮ ಆ ಕೆರೆಯನ್ನು ಗುತ್ತಿಗೆಗೆ ಹಿಡಿದ ಮೀನುಗಾರರ ಸೊಸೈಟಿಯ ಸದಸ್ಯೆ. ಸ್ಪರ್ಧೆಗೆ ಕೆರೆ ಕೊಡುವಾಗ ಸೊಸೈಟಿ ಎರಡು ಷರತ್ತು ಹಾಕಿತ್ತು. ತಮ್ಮವರೂ ಐದು ಜನ ಕೋಲು ಹಿಡಿಯಬೇಕು, ಮೊದಲ ಬಹುಮಾನ ಉಪಯೋಗಕ್ಕೆ ಬರುವ ವಸ್ತುವಾಗಿರಬೇಕು. ಅದರಂತೆ ಮೊದಲ ಬಹುಮಾನ ಫೈಬರಿನ ಹೊಸ ತೆಪ್ಪ, ಬುಟ್ಟಿಯಂತೆ ದುಂಡಗಿನದು. ಎರಡನೆಯದು ಲೈಫ್ ಜಾಕೆಟ್. ಮೂರನೆಯದು ಟೋಪಿ.

ಸುನಂದಮ್ಮನ ಬಿದಿರಿನ ತೆಪ್ಪ ಜೂನ್‌ನಲ್ಲಿ ನೀರೊಳಗಿನ ಬೊಡ್ಡೆಗೆ ತಗುಲಿ ತಳ ಸೀಳಿತ್ತು. ಐದು ತಿಂಗಳಿಂದ ಅವರು ಮೈದುನನ ತೆಪ್ಪದಲ್ಲಿ ಬಲೆ ಬಿಟ್ಟು, ಹಿಡಿದದ್ದರಲ್ಲಿ ಅರ್ಧ ಅವನಿಗೆ ಕೊಡುತ್ತಿದ್ದರು. ಐದು ಕೆಜಿಯ ಕಾಟ್ಲಾ ಮೀನನ್ನು ಕೈಯಾರೆ ನೀರಿಗೆ ಬಿಟ್ಟದ್ದು ಅವರ ಜೀವನದಲ್ಲಿ ಅದೇ ಮೊದಲು. ಬಿಟ್ಟ ಮೇಲೆ ಹತ್ತು ನಿಮಿಷ ಅದು ಹೋದ ದಿಕ್ಕನ್ನೇ ನೋಡುತ್ತ ನಿಂತಿದ್ದರು.

ನಾಲ್ಕು ಹದಿನೈದಕ್ಕೆ ಗುರುಮಲ್ಲಪ್ಪನವರು ಸುನೀಲ್‌ಕುಮಾರರನ್ನು ಪಕ್ಕಕ್ಕೆ ಕರೆದು ಚೀಲದ ವಿಷಯ ಹೇಳಿದರು.

"ಸಾರ್, ಹತ್ತಿಪ್ಪತ್ತು ಗ್ರಾಂ ಹಿಂದೆ ಮುಂದೆ ಇದ್ದಿದ್ದೇ."

"ನಾನೂರೆಂಬತ್ತು ಅದೆ."

ಸುನೀಲ್‌ಕುಮಾರ್ ತೆಪ್ಪದ ಕಡೆ ನೋಡಿದರು. ಅದರೊಳಗೆ ಕಿರಣ್‌ಕುಮಾರ ಕೂತು ಹುಟ್ಟನ್ನು ಹಿಡಿದು ಫೋಟೊಗೆ ನಗುತ್ತಿದ್ದ. "ಈಗ ಏನ್ ಮಾಡಕ್ಕಾಗುತ್ತೆ ಸಾರ್? ರೂಲ್ ಹದಿಮೂರು ನೋಡಿ. ತಕರಾರು ಇದ್ರೆ ಅರ್ಧ ಗಂಟೆ ಒಳಗೆ, ಬರವಣಿಗೇಲಿ, ಸ್ಪರ್ಧಿನೇ ಕೊಡ್ಬೇಕು. ನೀವು ಸ್ಪರ್ಧಿ ಅಲ್ಲ. ನಾಲ್ಕು ಮೂವತ್ತೈದರವರೆಗೆ ಯಾರಾದ್ರೂ ನಿಮ್ ಮೇಲೆ ಬರ್ಕೊಟ್ರೆ ನೋಡೋಣ."

ಗುರುಮಲ್ಲಪ್ಪನವರು ತಮ್ಮ ಮೇಲೆ ದೂರು ಕೊಡುವವರನ್ನು ಹುಡುಕಿಕೊಂಡು ಹೊರಟರು.

ಸುನಂದಮ್ಮ ಹೊಂಗೆಮರದ ಕೆಳಗೆ ಲೈಫ್ ಜಾಕೆಟ್ ಹಾಕಿಕೊಂಡು ಕೂತಿದ್ದರು. ಕೊಂಡಿ ಬಿಚ್ಚಲು ಬರದೆ ಹಾಗೇ ಬಿಟ್ಟಿದ್ದರು. ಇವರು ಕಾಗದ, ಪೆನ್ನು ಮುಂದೆ ಹಿಡಿದು ವಿಷಯ ವಿವರಿಸಿದರು.

"ನಿಮ್ ಮ್ಯಾಲಾ?" ಸುನಂದಮ್ಮ ಎದ್ದು ನಿಂತರು. "ಅಯ್ಯೋ, ಬುಡಿ ಸ್ವಾಮಿ. ಸುತ್ತೇಳೂರು ಜನ ನಿಮ್ ತಕ್ಕಡಿ ನಂಬಿ ಸೊಪ್ಪು ಮಾರ್ದೋರು. ಗುರುಮಲ್ಲಪ್ಪಾರು ತಪ್ಪು ತೂಗುದ್ರು ಅಂತ ನಾನು ಅರ್ಜಿ ಕೊಟ್ರೆ ನಾಳೆ ನಂಗೆ ಏರಿ ಮ್ಯಾಲೆ ನಡಿಯಾಕ್ ಬುಟ್ಟಾರಾ?"

"ತಪ್ಪು ತೂಗಿರೋದು ನಿಜ ಕಣಮ್ಮ."

"ನಿಜ ಆದ್ರೆ ನೀವೇ ಏಳಿ."

"ನಾನು ಏಳಂಗಿಲ್ವಂತೆ. ರೂಲ್ ಅದೆ."

"ಅಂಗಾರೆ ಬ್ಯಾಡ. ಗೆದ್ದಿದ್ರೆ ಗೆದ್ದೆ ಅನ್ನಿ, ತಕತೀನಿ. ಅರ್ಜಿ ಆಕಿ ತೆಪ್ಪ ಇಸ್ಕೊಂಡೋಳು ಅನ್ನುಸ್ಕಳಾಕಿಲ್ಲ." ಕಾಗದ, ಪೆನ್ನನ್ನು ಅವರ ಕಡೆಗೇ ಸರಿಸಿ ಕೇಳಿದರು, "ನಂದು ಐದು ಕೆಜಿ ನಲ್ವತ್ತು ಸರಿಯಾಗೇ ಅದಾ?"

"ನಿಮ್ದು ಸರಿಯಾಗೇ ಅದೆ. ಆಗ ಚೀಲ ಒಣಗಿತ್ತು."

"ಸರಿ ಬುಡಿ." ಅವರು ಮತ್ತೆ ಕೂತರು. ತೆಪ್ಪದ ಕಡೆ ಮಾತ್ರ ನೋಡಲಿಲ್ಲ.

ನಾಲ್ಕು ಇಪ್ಪತ್ತನಾಲ್ಕಕ್ಕೆ ಗುರುಮಲ್ಲಪ್ಪನವರು ತಕ್ಕಡಿಯ ಹತ್ತಿರ ನಿಂತು ಹದಿನಾಲ್ಕು ನಿಯಮಗಳನ್ನೂ ಮೊದಲಿಂದ ಓದಿದರು. ಹನ್ನೊಂದು: ತೂಕದ ವಿಷಯದಲ್ಲಿ ತೂಕಗಾರನ ತೀರ್ಮಾನವೇ ಅಂತಿಮ. ಹನ್ನೆರಡು: ತೂಕಗಾರ ಪುಸ್ತಕಕ್ಕೆ ಸಹಿ ಹಾಕಿದ ಮೇಲೆ ಫಲಿತಾಂಶ ಜಾರಿಗೆ ಬರುತ್ತದೆ. ಅವರು ಪುಸ್ತಕವನ್ನು ಸುನೀಲ್‌ಕುಮಾರರ ಮುಂದೆ ಹಿಡಿದರು. ಸಹಿಯ ಜಾಗ ಖಾಲಿ ಇತ್ತು.

"ಚೀಲ ಸರಿ ಬರದೆ ನಾನು ಸೈನು ಆಕಾಕಿಲ್ಲ. ಇನ್ನೂ ತೀರ್ಮಾನವೇ ಆಗಿಲ್ಲ ಸುನೀಲು. ತಕರಾರು ಯಾತರದ್ದು?"

ಸುನೀಲ್‌ಕುಮಾರ್ ತಾವೇ ಬರೆದ ನಿಯಮವನ್ನು ಎರಡು ಸಲ ಓದಿದರು. ಆಮೇಲೆ ಕೇಳಿದ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು. "ಸರಿ ಸಾರ್. ಆದ್ರೆ ಹದಿನಾಲ್ಕನೇ ಮೀನಿನ ಹೊತ್ತಿಗೆ ಚೀಲ ಎಷ್ಟು ನೆನೆದಿತ್ತು ಅಂತ ಹೆಂಗೆ ಹೇಳ್ತೀರಾ? ಮೀನೆಲ್ಲಾ ಕೆರೆ ಒಳಗಿವೆ."

ಗುರುಮಲ್ಲಪ್ಪನವರು ತೂಗದೆ ಹೇಳುವವರಲ್ಲ. ಅವರು ತಂದ ಚೀಲಗಳು ಎರಡಿದ್ದವು, ಎರಡನೆಯದು ಮಡಿಕೆ ಬಿಚ್ಚಿರಲಿಲ್ಲ, ಅದೂ ಆರುನೂರ ನಲವತ್ತು. ಅಡುಗೆಯವರ ಹತ್ತಿರ ಸಾಂಬಾರಿಗೆ ತಂದು ಉಳಿದ ಒಂದು ಕುಂಬಳಕಾಯಿ ಇತ್ತು, ನಾಲ್ಕು ಕೆಜಿ ಎಂಟುನೂರು. ಅದನ್ನು ಕೆರೆಯ ನೀರಿನಲ್ಲಿ ಅದ್ದಿ, ಆ ಎರಡನೆಯ ಚೀಲಕ್ಕೆ ಹಾಕಿ, ಒಂದು ನಿಮಿಷ ಇಟ್ಟು, ತೆಗೆದು, ಖಾಲಿ ಚೀಲ ತೂಗಿ, ಬರೆದು, ಮತ್ತೆ ಅದ್ದುವುದು. ಹೀಗೆ ಹದಿಮೂರು ಸಲ.

ಎರಡನೆಯ ಸಲಕ್ಕೆ ಜನ ಸೇರಿದರು. ಮೂರನೆಯದಕ್ಕೆ ಕಿರಣ್‌ಕುಮಾರ ತೆಪ್ಪದಿಂದ ಇಳಿದು ಬಂದ. ಏನು ನಡೆಯುತ್ತಿದೆ ಎಂದು ಸುನೀಲ್‌ಕುಮಾರ್ ಹೇಳಿದರು.

"ಈ ಕುಂಬಳಕಾಯಿ ಎಂಟ್ರಿ ಫಾರಂ ತುಂಬ್ಯದಾ?" ಎಂದು ಕಿರಣ್‌ಕುಮಾರ ಕೇಳಿದ.

"ಇದು ಸ್ಪರ್ಧೆಗಿಲ್ಲ," ಎಂದರು ಗುರುಮಲ್ಲಪ್ಪನವರು, ಬರೆಯುತ್ತ.

"ಮೀನು ಲೋಳೆ ಇರ್ತದೆ ಸಾರ್, ಒದ್ದಾಡ್ತದೆ. ಕುಂಬಳಕಾಯಿ ಒದ್ದಾಡ್ತದಾ?"

"ಇಲ್ಲ. ಒದ್ದಾಡಿದ್ರೆ ಚೀಲ ಇನ್ನೂ ಜಾಸ್ತಿ ನೆನೀತದೆ. ಕುಂಬಳಕಾಯಿ ತರೋ ನೀರು ಕಮ್ಮಿ. ಅಂದ್ರೆ ತಪ್ಪು ಇದ್ರೆ ಅದು ನಿನ್ ಕಡೀಕೇ ಲಾಭ."

ಕಿರಣ್‌ಕುಮಾರ ಚೀಲವನ್ನು ಮುಟ್ಟಿ ನೋಡಿದ. "ನನ್ ಮೀನಿಗೆ ಮುಂಚೆ ಚೀಲ ಒಣಗಿರಬೋದಲ್ಲ?"

ಗುರುಮಲ್ಲಪ್ಪನವರು ಪುಸ್ತಕ ತೆರೆದು ತೋರಿಸಿದರು. ಹದಿಮೂರನೆಯ ಮೀನು ಒಂದು ನಲವತ್ಮೂರಕ್ಕೆ. ನಡುವೆ ಒಂಬತ್ತು ನಿಮಿಷ. ಚೀಲ ನೆರಳಿನಲ್ಲಿ ಗೂಟಕ್ಕೆ ತೂಗುಹಾಕಿತ್ತು.

"ಕುಂಬಳಕಾಯಿಗೂ ರೂಲ್ ಎಂಟು ಅದಾ ಸಾರ್?" ಹಿಂದಿನಿಂದ ಯಾರೋ ಕೂಗಿದರು. "ಎರಡು ನಿಮಿಷದಲ್ಲಿ ವಾಪಸ್ ಸಾಂಬಾರಿಗೆ ಬುಡಬೇಕಲ್ವಾ?" ಗುರುಮಲ್ಲಪ್ಪನವರು ನಗಲಿಲ್ಲ. ಆರನೆಯ ಸಲದ ತೂಕ ಬರೆದುಕೊಂಡರು.

ಮೊದಲ ಸಲಕ್ಕೆ ಚೀಲ ಏಳುನೂರ ತೊಂಬತ್ತಾಗಿತ್ತು. ಮೂರನೆಯದಕ್ಕೆ ಒಂಬೈನೂರ ಅರವತ್ತು. ಆರನೆಯದಕ್ಕೆ ಒಂದು ಕೆಜಿ ಎಂಬತ್ತು. ಒಂಬತ್ತನೆಯದರಿಂದ ಮುಂದೆ ಒಂದು ಕೆಜಿ ನೂರು, ನೂರ ಇಪ್ಪತ್ತರ ನಡುವೆಯೇ ನಿಂತುಬಿಟ್ಟಿತು. ಗೋಣಿ ಕುಡಿಯುವಷ್ಟನ್ನು ಕುಡಿದಾಗಿತ್ತು. ಅಷ್ಟರಲ್ಲಿ ನಾಲ್ಕು ಮೂವತ್ತೈದು ಕಳೆದುಹೋಗಿತ್ತು. ಬರವಣಿಗೆಯಲ್ಲಿ ಯಾವ ತಕರಾರೂ ಬಂದಿರಲಿಲ್ಲ.

ಹದಿಮೂರನೆಯದು ಮುಗಿದಾಗ ಐದು ಗಂಟೆ ಎಂಟು ನಿಮಿಷ. ಗುರುಮಲ್ಲಪ್ಪನವರು ಕೊನೆಯ ಐದು ಅಂಕಿಗಳಲ್ಲಿ ಕಡಿಮೆಯದನ್ನೇ ಹಿಡಿದರು: ಒಂದು ಕೆಜಿ ನೂರು. ಕಿರಣ್‌ಕುಮಾರನ ಮೀನಿನಲ್ಲಿ ನಾನೂರ ಅರವತ್ತು ಗ್ರಾಂ ನೀರು. ಉಳಿದದ್ದು ನಾಲ್ಕು ಕೆಜಿ ಎಂಟುನೂರು. ಮೂರನೆಯ ಸಲದ ಅಂಕಿಯನ್ನೇ ಹಿಡಿದರೂ ಆ ಮೀನು ಐದು ಕೆಜಿ ಮುಟ್ಟುತ್ತಿರಲಿಲ್ಲ ಎಂಬುದನ್ನೂ ಪಕ್ಕದಲ್ಲಿ ಬರೆದು ಕಿರಣ್‌ಕುಮಾರನಿಗೆ ತೋರಿಸಿದರು. ಅವನು ಎರಡು ಸಲ ಕಳೆದು ನೋಡಿದ.

"ನಾಲ್ಕು ಎಂಟುನೂರು," ಎಂದ. "ಕುಂಬಳಕಾಯೀದೂ ಅಷ್ಟೇ ಅಲ್ವಾ?"

"ಅಷ್ಟೇ."

"ಸಮ ಆಯ್ತು ಬುಡಿ. ಕುಂಬಳಕಾಯಿ ಮುಂದೆ ಸೋತೆ ಅಂತ ಮಾತ್ರ ಕಬಿನಿ ಕಡೆ ಯಾರೂ ಏಳ್ಬ್ಯಾಡಿ ಕಣ್ರಪ್ಪಾ." ಅವನು ಹೊಂಗೆಮರದ ಕಡೆಗೆ ನಡೆದ. "ಅಕ್ಕಾ, ಆ ಜಾಕೆಟ್ ಬಿಚ್ಚಕ್ಕ, ಅದು ನಂದು. ತೆಪ್ಪ ನಿಂದು."

ಸುನಂದಮ್ಮ ನಂಬಲಿಲ್ಲ. ಗುರುಮಲ್ಲಪ್ಪನವರ ಕಡೆ ನೋಡಿದರು. ಅವರು ತಲೆಯಾಡಿಸಿದ ಮೇಲೆ, ಕೊಂಡಿ ಬಿಚ್ಚಿಸಿಕೊಳ್ಳಲು ಕೈ ಮೇಲೆತ್ತಿ ನಿಂತರು.

ಗುರುಮಲ್ಲಪ್ಪನವರು ತಪ್ಪು ಅಂಕಿಗಳ ಮೇಲೆ ಒಂದೊಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಪ್ರತಿ ಗೆರೆಗೂ ಚಿಕ್ಕ ರುಜು ಹಾಕಿದರು. ಬದಲಾಗಿದ್ದವು ಹದಿನಾರು. ಮೂರನೆಯ ಸ್ಥಾನ ಬದಲಾಗಲಿಲ್ಲ. ಟೋಪಿ ಇದ್ದ ತಲೆಯ ಮೇಲೆಯೇ ಇತ್ತು. ಐದು ಇಪ್ಪತ್ತೊಂದಕ್ಕೆ ಸಹಿ ಹಾಕಿದರು.

"ಮುಗೀತಲ್ಲ ಸಾರ್, ಬಿಡ್ತೀನಿ ಬನ್ನಿ," ಎಂದು ಸುನೀಲ್‌ಕುಮಾರ್ ಕಾರಿನ ಬಾಗಿಲು ತೆರೆದರು.

"ಇನ್ನೂ ಕೂಗಿಲ್ಲ," ಎಂದರು ಇವರು.

ಹರಾಜು ಮಾರುಕಟ್ಟೆಯಲ್ಲಿ ಬರೆದದ್ದನ್ನು ಗಟ್ಟಿಯಾಗಿ ಕೂಗುವವರೆಗೆ ಅದು ತೂಕವಲ್ಲ. ರೈತ ಎದುರಿಗಿದ್ದರೂ, ಚಹಾ ಕುಡಿಯಲು ಹೋಗಿದ್ದರೂ ಕೂಗಬೇಕು. ಆ ದಿನ ಅವರ ಬದಲು ಮೈಕು ಕೂಗಿತ್ತು, ತಪ್ಪಾಗಿ. ಈಗ ಮೈಕಿನವನು ವೈರು ಸುತ್ತಿಕೊಂಡು ಹೋಗಿದ್ದ. ಮೈಸೂರಿನ ಕಾರುಗಳು ಒಂದೊಂದಾಗಿ ಹೊರಡುತ್ತಿದ್ದವು. ಗುರುಮಲ್ಲಪ್ಪನವರು ಏರಿಯ ಮೇಲೆ ಕೆರೆಗೆ ಮುಖ ಮಾಡಿ ನಿಂತು, ಪುಸ್ತಕವನ್ನು ಬೆಳಕಿಗೆ ಹಿಡಿದು, ಒಂದನೆಯದರಿಂದ ಶುರು ಮಾಡಿದರು: ಹೆಸರು, ಊರು, ತೂಕ. ಸುನಂದಮ್ಮ ತಮ್ಮ ಹೆಸರು, ಐದು ಕೆಜಿ ನಲವತ್ತು ಗ್ರಾಂ ಎಂಬುದನ್ನು ನಿಂತು ಕೇಳಿದರು. ಆಮೇಲೆ ತೆಪ್ಪವನ್ನು ಬೋರಲು ತಲೆಯ ಮೇಲೆ ಹೊತ್ತುಕೊಂಡು, ಸೊಂಟದವರೆಗೆ ಮುಚ್ಚಿಹೋಗಿ, ಏರಿಯಿಂದ ನೀರಿನ ಕಡೆಗೆ ಇಳಿದರು. ಐದನೆಯ ಮೀನಿನ ಹೊತ್ತಿಗೆ ಅವರು ನೀರಿನಲ್ಲಿದ್ದರು. ಹತ್ತನೆಯದರ ಹೊತ್ತಿಗೆ ಕೆರೆಯ ನಡುವೆ ಒಂದು ಸುತ್ತು ತಿರುಗಿ ತೆಪ್ಪ ಯಾವ ಕಡೆ ವಾಲುತ್ತದೆ ಎಂದು ನೋಡುತ್ತಿದ್ದರು. ಹದಿನಾಲ್ಕನೆಯದಕ್ಕೆ ಕಿರಣ್‌ಕುಮಾರ ಬೈಕಿನ ಮೇಲಿಂದ ಕೈ ಎತ್ತಿದ.

ಹದಿನೇಳನೆಯ ಮೀನಿನ ಒಡೆಯ ಮೂರೂವರೆಗೇ ಮೈಸೂರಿಗೆ ಹೊರಟಿದ್ದ. ಅವನಿಗೆ ಬಹುಮಾನವಿರಲಿಲ್ಲ. ತನ್ನ ಮೀನು ಎರಡು ಕೆಜಿ ದಾಟಿತ್ತೆಂದು ಆ ಹೊತ್ತಿಗೆ ಮನೆಯಲ್ಲಿ ಹೇಳಿಯೂ ಇದ್ದಿರಬಹುದು. ಗುರುಮಲ್ಲಪ್ಪನವರು ಅವನ ಹೆಸರನ್ನೂ ಊರನ್ನೂ ಮೊದಲಿನಷ್ಟೇ ಗಟ್ಟಿಯಾಗಿ ಕೂಗಿ, ಒಂದು ಉಸಿರು ತೆಗೆದುಕೊಂಡು ಹೇಳಿದರು:

"ಒಂದು ಕೆಜಿ ಒಂಬೈನೂರ ಹತ್ತು ಗ್ರಾಂ."