ನೋಡೋಣಕ್ಕನ ಕಲ್ಲು

ಧಡ್. ಸ್ವಲ್ಪ ಬಿಟ್ಟು ಮತ್ತೆ ಧಡ್. ನೋಡೋಣಕ್ಕನ ಮನೆಯ ಹಿತ್ತಿಲ ಬಾಗಿಲು ವಾರದಿಂದ ಹೀಗೇ ಗಾಳಿಗೆ ಬಡಿದುಕೊಳ್ಳುತ್ತಿತ್ತು. ಅದಕ್ಕೆ ಆನಿಸಿ ಇಡುತ್ತಿದ್ದ ಕಲ್ಲು ಕಾಣೆಯಾಗಿತ್ತು. ದಿನಾ ಅದಕ್ಕೇ ಎಡವಿ ಕಾಲ್ಬೆರಳು ಜಜ್ಜಿಕೊಳ್ಳುತ್ತಿದ್ದ ಮೈದುನ, ಅದೆಲ್ಲಿ ಹೋಯಿತೆಂದು ಕೇಳಿದ. ಅವಳು ದಾರದ ತುದಿಯನ್ನು ಹಲ್ಲಲ್ಲಿ ಕಚ್ಚಿ ತುಂಡರಿಸಿ, ನೋಡೋಣ, ಬಂದರೂ ಬರಬಹುದು ಅಂದಳು.

ಆ ಹೆಸರು ಅವಳಿಗೆ ಬಿದ್ದದ್ದೇ ಹಾಗೆ. ಬಟ್ಟೆ ಹೊಲಿಯುತ್ತಲೇ ತಲೆ ನರೆಸಿಕೊಂಡವಳು. ಬಣ್ಣ ಬಿಡಲ್ಲ ಎಂದು ಗಿರಾಕಿ ಆಣೆ ಮಾಡಿದರೂ, ತುದಿಯನ್ನು ನೀರಲ್ಲಿ ಅದ್ದಿ ಹಿಂಡಿ ನೋಡದೆ ಕತ್ತರಿ ಮುಟ್ಟುತ್ತಿರಲಿಲ್ಲ. ತನ್ನನ್ನು ಒಪ್ಪುವಾಗಲೂ ಮೊದಲು ನೋಡೋಣ ಅಂದಿದ್ದಳೆಂದು ಗಂಡ ಇರುವಷ್ಟು ದಿನ ನಗುತ್ತಿದ್ದ.

ಅವನು ಬಿಟ್ಟುಹೋದ ಹೊಲಿಗೆ ಅಂಗಡಿ ಈಗ ಅವಳಿಗೂ ಮೈದುನನಿಗೂ ಜಂಟಿ. ಅದನ್ನು ಮಾರಿ ಚಿನ್ನದ ಗಣಿಯ ಕಂಪನಿಯೊಂದರ ಷೇರು ಕೊಳ್ಳಬೇಕೆಂದು ಮೈದುನ ತುದಿಗಾಲಲ್ಲಿ ನಿಂತಿದ್ದ. ಅತ್ತಿಗೆಯ ಸಹಿಯೊಂದೇ ಬಾಕಿ.

ಆ ಕಂಪನಿಯವರು ಜನರನ್ನು ವ್ಯಾನಿನಲ್ಲಿ ಗುಡ್ಡಕ್ಕೆ ಕರೆದೊಯ್ದು, ನಿಮ್ಮ ಕೈಯಾರೆ ಒಂದೊಂದು ಕಲ್ಲು ಆರಿಸಿ, ಪರೀಕ್ಷೆ ಮಾಡಿಸಿ ತೋರಿಸುತ್ತೇವೆ ಎನ್ನುತ್ತಿದ್ದರು. ಹೋಗಿಬಂದವರೆಲ್ಲರ ಕಲ್ಲಿನಲ್ಲೂ ಚಿನ್ನ ಸಿಕ್ಕಿತ್ತು. ಅವಳ ತಲೆಗೆ ಹುಳ ಹೊಕ್ಕದ್ದು ಅಲ್ಲೇ. ಇಷ್ಟು ವರ್ಷ ಹೊಲಿದ ತನ್ನ ಕೈಯಲ್ಲೇ ಆಗಾಗ ಒಂದು ತೋಳು ಸೊಟ್ಟಗಾಗುತ್ತದೆ. ಒಂದು ಸಲವೂ ಕೈಕೊಡದ ಗುಡ್ಡ ಅದೆಂಥದು?

ಹಾಗಾಗಿ ಗುಡ್ಡಕ್ಕೆ ಹೋಗುವಾಗ ಬಾಗಿಲ ಕಲ್ಲನ್ನು ಬ್ಯಾಗಿನಲ್ಲಿ ಹಾಕಿಕೊಂಡಳು. ಎಲ್ಲರೂ ಬಗ್ಗಿದಾಗ ತಾನೂ ಬಗ್ಗಿ, ಸೊಂಟ ಹಿಡಿದು ನರಳುತ್ತ, ಅದೇ ಕಲ್ಲಿನೊಂದಿಗೆ ಎದ್ದಳು. ಅತ್ತಿಗೆಗೆ ವಯಸ್ಸಾಯಿತು ಎಂದು ಮೈದುನ ಮರುಗಿದ.

ವಾರದ ಮೇಲೆ ಕಂಪನಿಯ ಕಚೇರಿಗೆ ಕರೆ ಬಂತು. ಕೆಂಪು ಮಖಮಲ್ಲು ಹಾಸಿದ ಮೇಜು, ಹೆಸರಿನ ಚೀಟಿ ಅಂಟಿಸಿಕೊಂಡು ಕುಳಿತ ಕಲ್ಲುಗಳು, ಪಕ್ಕದಲ್ಲಿ ಬಿಸ್ಕತ್ತಿನ ತಟ್ಟೆ. ಮ್ಯಾನೇಜರ್ ಒಬ್ಬೊಬ್ಬರ ಫಲಿತಾಂಶ ಓದಿ, ಕೊನೆಗೆ ಅವಳ ಕಲ್ಲನ್ನು ಮಗುವಿನಂತೆ ಎತ್ತಿಕೊಂಡ.

"ಎಲ್ಲಕ್ಕಿಂತ ಜಾಸ್ತಿ ಚಿನ್ನ ಇದರಲ್ಲೇ ಇದೆಯಮ್ಮ. ನಿಮ್ಮ ಕೈಗುಣವೇ ಕೈಗುಣ."

ಮೈದುನ ಮುಚ್ಚಳ ತೆಗೆದ ಪೆನ್ನನ್ನು ಅವಳ ಮುಂದೆ ಹಿಡಿದ.

"ಹೌದಾ? ಸ್ವಲ್ಪ ತಿರುಗಿಸಿ ಹಿಡೀರಿ, ನೋಡೋಣ."

ಕಲ್ಲಿನ ಅಡಿಯಲ್ಲಿ ಉಗುರಿನಷ್ಟಗಲ ಹಸಿರು ಬಣ್ಣ. ಹೋದ ವರ್ಷ ಹಿತ್ತಿಲ ಬಾಗಿಲಿಗೆ ಬಳಿಯುವಾಗ ಅದನ್ನು ಚೆಲ್ಲಿದ್ದವನು ಮೈದುನನೇ. ಚಪ್ಪಲಿಯೊಳಗೆ ಅವನ ಕಾಲ್ಬೆರಳು ತಾನಾಗಿ ಮುದುಡಿಕೊಂಡಿತು.

"ಅತ್ತಿಗೆ, ಇದು ನಮ್ಮ..."

"ಹೂಂ. ದಿನಾ ಬೆಳಗ್ಗೆ ಚಿನ್ನಕ್ಕೇ ಬೈತಿದ್ದೆ ಕಣೋ ನೀನು."

ಚೀಟಿ ಅದಲುಬದಲಾಗಿರಬಹುದು, ತಜ್ಞರನ್ನು ಕೇಳಬೇಕು ಎಂದು ಮ್ಯಾನೇಜರ್ ತಡವರಿಸಿದ. ಒಂದು ಚೂರೂ ಒಡೆಯದೆ ಒಳಗಿನ ಚಿನ್ನ ಅಳೆದ ಆ ತಜ್ಞರನ್ನು ತನಗೂ ನೋಡುವ ಆಸೆಯಿದೆ ಎಂದಳು ಅವಳು. ಅಷ್ಟರಲ್ಲಿ ಕುಳಿತಿದ್ದವರು ಒಬ್ಬೊಬ್ಬರಾಗಿ ಎದ್ದು ತಮ್ಮ ತಮ್ಮ ಕಲ್ಲುಗಳನ್ನು ಮಗುಚಿ ನೋಡತೊಡಗಿದ್ದರು.

ಮೈದುನ ಪೆನ್ನಿನ ಮುಚ್ಚಳ ಹಾಕಿ, ಹಾಗಾದರೆ ಅಂಗಡಿ ಎಂದು ಮೆಲ್ಲಗೆ ಕೇಳಿದ. ಅವಳು ಕಲ್ಲನ್ನು ಸೊಂಟಕ್ಕೇರಿಸಿಕೊಂಡು ಆಗಲೇ ಹೊಸ್ತಿಲು ದಾಟಿದ್ದಳು.

"ಅಂಗಡಿ ಎಲ್ಲಿಗೂ ಹೋಗಲ್ಲ. ನೀನು ಆ ಬಿಸ್ಕತ್ತು ನಾಲ್ಕು ಜೇಬಿಗೆ ಹಾಕ್ಕೊಂಡು ಬೇಗ ಬಾ, ಗಾಳಿ ಏಳೋ ಹೊತ್ತಾಯ್ತು, ಅಷ್ಟರಲ್ಲಿ ಬಾಗಿಲಿಗೆ ಈ ನಮ್ಮ ಚಿನ್ನಾನ ಆನಿಸಿ ಇಡಬೇಕು."