ಕುಶಲಕ್ಕನ ‘ಇಲ್ಲ’

ಹೂಡೆ ಊರಿಗೆ ಒಂದು ಕಡೆ ಹೊಳೆ, ಒಂದು ಕಡೆ ಕಡಲು. ನಡುವಿನ ಅಂಗನವಾಡಿಯಲ್ಲಿ ಮಧ್ಯಾಹ್ನ ಸುಮ್ಮನೆ ಕೂತರೆ ದೊಡ್ಡವರಿಗೂ ಕಣ್ಣು ಎಳೆಯುತ್ತದೆ. ತೆಂಗಿನ ನೆರಳು ಗೋಡೆಯ ಮೇಲೆ ಮೆಲ್ಲಗೆ ಸರಿದಾಡುತ್ತದೆ, ಅಲೆಯ ಸದ್ದು ಮಲಗಿದ ಮಕ್ಕಳ ಉಸಿರಿನೊಡನೆ ಬೆರೆತುಹೋಗುತ್ತದೆ. ಅಲ್ಲಿನ ಸಹಾಯಕಿ ಕುಶಲಾ, ಊರಿಗೆಲ್ಲ ಕುಶಲಕ್ಕ. ಮಕ್ಕಳಿಗೆ ‘ಇಲ್ಲ’ ಹೇಳುವುದರಲ್ಲಿ ಅವಳದ್ದೇ ಒಂದು ದಾರಿ. ನಾವೆಲ್ಲ ‘ನಾಳೆ ಕೊಡ್ತೇನೆ’, ‘ಕಾಗೆ ಕೊಂಡುಹೋಯ್ತು’ ಎಂದು ತೇಲಿಸಿಬಿಡುವ ಜನ. ಅವಳೋ, ನೆಲದ ಮೇಲೆ ಕೂತು, ಮಗುವಿನ ಮುಖ ನೋಡಿ, ಒಂದೇ ಸಲ ‘ಇಲ್ಲ’ ಅನ್ನುತ್ತಾಳೆ. ಉರುಳಾಡಿ ಅತ್ತರೆ ಅಳಲಿ! ಬೆನ್ನು ಸವರುತ್ತಾ ಪಕ್ಕದಲ್ಲೇ ಇರುತ್ತಾಳೆ. ಬೈಗುಳವಿಲ್ಲ, ಚಾಕೊಲೇಟಿನ ಲಂಚವೂ ಇಲ್ಲ.

ಅವಳನ್ನೂ ಸೋಲಿಸಿದವಳು ಮೋಕ್ಷಾ, ನಾಲ್ಕು ತುಂಬದ ಪೋರಿ. ಅಪ್ಪ ರಿತೇಶ್‌ಗೆ ದುಬೈಯಲ್ಲಿ ಕೆಲಸ. ಕಳೆದ ಸಲ ರಜೆ ಮುಗಿದಾಗ, ಇಲ್ಲಿಯ ಗಲ್ಫ್ ಮನೆಗಳಲ್ಲಿ ಮಾಡುವ ಹಾಗೆಯೇ, ಮಗುವನ್ನು ದೋಣಿ ನೋಡಲು ಹೊಳೆ ಬದಿಗೆ ಕಳಿಸಿ ಅವನು ಕಾರು ಹತ್ತಿದ್ದ. ತಿರುಗಿ ಬಂದ ಮೋಕ್ಷಾ ಕೋಣೆ ಕೋಣೆ ಹುಡುಕಿದಳು, ಮಂಚದಡಿಯನ್ನೂ ಬಿಡಲಿಲ್ಲ. ಅಂದಿನಿಂದ ಯಾರು ಚಪ್ಪಲಿ ಮೆಟ್ಟಿದರೂ ಕಿರುಚಾಟ. ಅಂಗನವಾಡಿಯಲ್ಲಿ ಎಲ್ಲರೂ ಮಲಗಿದರೂ ಇವಳು ಬಾಗಿಲು ಕಾಯುತ್ತಾ ಕೂರುವಳು. ಪಾಪ, ಕಣ್ಣು ಮುಚ್ಚಿದರೆ ಇನ್ನು ಯಾರು ಮಾಯವಾಗುತ್ತಾರೋ ಎಂಬ ಹೆದರಿಕೆ.

ಈ ಸಲವೂ ರಜೆ ಮುಗಿದು ರಿತೇಶ್ ಹೊರಡುವ ದಿನ ಬಂತು. ತಾಯಿ ವಿಜೇತಾ ಬೆಳಿಗ್ಗೆಯೇ ಕುಶಲಕ್ಕನ ಮನೆಗೆ ಓಡಿಬಂದಳು.

“ಅಕ್ಕ, ಮೋಕ್ಷಾಳನ್ನು ಸ್ವಲ್ಪ ಹೊಳೆ ಬದಿಗೆ ಕರಕೊಂಡು ಹೋಗ್ತೀರಾ? ಕಾರು ಬರ್ಲಿಕ್ಕಾಯ್ತು.”

“ಇಲ್ಲ.”

“ಎಂತ ಅಕ್ಕ ಹೀಗೆ ಹೇಳ್ತೀರಿ! ಅವರು ಹೋಗುವುದನ್ನು ನೋಡಿದ್ರೆ ಅಳ್ತಾಳೆ.”

“ಅಳಲಿ ಮಾರಾಯ್ತಿ. ಹುಡುಕಿ ಹುಡುಕಿ ಸಾಯುವುದಕ್ಕಿಂತ ಅಳುವುದು ಒಳ್ಳೆಯದು ಅಲ್ವಾ? ರಿತೇಶನೇ ಹೇಳಲಿ. ನಾನು ಜೊತೆಗೆ ಇರ್ತೇನೆ.”

ವಿಜೇತಾ ಮುಖ ಊದಿಸಿಕೊಂಡೇ ಕುಶಲಕ್ಕನನ್ನು ಮನೆಗೆ ಕರೆದೊಯ್ದಳು. ಅಂಗಳದಲ್ಲಿ ರಿತೇಶ್ ಮಗಳೆದುರು ಮಂಡಿಯೂರಿದ.

“ಪಪ್ಪ ದುಬೈಗೆ ಹೋಗ್ತಾ ಇದ್ದೇನೆ, ಮಗಾ.”

“ನಾನೂ ಬರ್ತೇನೆ.”

ಅವನು ಕುಶಲಕ್ಕನತ್ತ ನೋಡಿದ. ಹೇಳು ಎಂದು ಅವಳು ಕಣ್ಣಲ್ಲೇ ಸನ್ನೆ ಮಾಡಿದಳು.

“ಇಲ್ಲ. ನಿನ್ನನ್ನು ಕರಕೊಂಡು ಹೋಗ್ಲಿಕ್ಕೆ ಆಗುವುದಿಲ್ಲ.”

ಅಬ್ಬಾ, ಆ ಅಳು! ಓಣಿಯವರೆಲ್ಲ ಹೊರಗೆ ಬಂದರು. ಕುಶಲಕ್ಕ ಮಣ್ಣಲ್ಲೇ ಕೂತು ಮಗುವನ್ನು ತಬ್ಬಿಕೊಂಡಳು, ಸುಮ್ಮನಿರು ಎನ್ನಲಿಲ್ಲ. ಅಳುತ್ತಲೇ ಮೋಕ್ಷಾ ಕಾರನ್ನು ನೋಡಿದಳು, ಅಪ್ಪ ಕೈ ಬೀಸಿದ್ದನ್ನೂ, ಕಾರು ತಿರುವಿನಲ್ಲಿ ಮರೆಯಾದದ್ದನ್ನೂ ನೋಡಿದಳು.

ಮಧ್ಯಾಹ್ನ ಅಂಗನವಾಡಿಯಲ್ಲಿ ಚಾಪೆ ಹಾಸಿದಾಗ ಅವಳು ಮೆಲ್ಲಗೆ ಕೇಳಿದಳು, “ಪಪ್ಪ ನಾಳೆ ಬರ್ತಾರಾ?”

ಹೌದು ಎಂದುಬಿಡಲು ಕುಶಲಕ್ಕನ ಜೀವ ಹಾತೊರೆಯಿತು. ಮಾತು ನಾಲಗೆಯ ತುದಿಗೂ ಬಂತು.

“ಇಲ್ಲ, ಮಗಾ.”

“ನಾಡಿದ್ದು?”

“ಇಲ್ಲ.”

ಮೋಕ್ಷಾ ಬಾಗಿಲಿಗೆ ಬೆನ್ನು ಹಾಕಿ, ಅವಳ ತೊಡೆಯ ಮೇಲೆ ತಲೆಯಿಟ್ಟು ನಿದ್ದೆಹೋದಳು. ಮಗುವಿಗೆ ಎಚ್ಚರವಾಗದ ಹಾಗೆ ಕುಶಲಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು.