ವಿ.ಟಿ. ಎದುರಿನ ರಸ್ತೆಯಲ್ಲಿ ಅವ್ವನ ಕರಡಿಗೆ

೧೯೮೧ರ ಜನವರಿ. ಬೊಂಬಾಯಿಯಲ್ಲಿ ನನ್ನ ಅಕ್ಕನಿಗೆ ಎರಡನೆಯ ಹೆರಿಗೆಯಾಗಿತ್ತು. ಭಾವ ಅಲ್ಲಿ ಒಂದು ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರಾಗಿದ್ದರು. ಮಗುವನ್ನು ನೋಡಲು ಮಾಯಸಂದ್ರದಿಂದ ಅವ್ವನನ್ನು ಕರೆದುಕೊಂಡು ಹೋದವನು ನಾನು. ಆಗ ನಾನು ತುರುವೇಕೆರೆಯಿಂದ ಒಂದು ಪತ್ರಿಕೆಗೆ ಸುದ್ದಿ ಬರೆದು ಕಳಿಸುತ್ತಿದ್ದೆ.

ಭಾವ ಕಾಗದ ಬರೆದಾಗಲೆಲ್ಲ ವಿ.ಟಿ. ಸ್ಟೇಷನ್ನಿನ ಎದುರಿನ ರಸ್ತೆಯ ವಿಷಯ ಬರೆಯುತ್ತಿದ್ದರು. ಲೋಕಲ್ ರೈಲು ಇಳಿದ ಜನ ದೀಪ ಬದಲಾಗುವುದನ್ನೇ ಕಾದಿದ್ದು, ತಿಪಟೂರು ಸಂತೆಯಷ್ಟು ಮಂದಿ ಒಂದೇ ಸಲಕ್ಕೆ ದಾಟುತ್ತಾರೆ ಎಂಬುದು ಅವರ ವರ್ಣನೆ. ಅವ್ವನಿಗೆ ಸಮುದ್ರಕ್ಕಿಂತ ಅದನ್ನು ನೋಡುವ ಆಸೆಯೇ ಹೆಚ್ಚಾಗಿತ್ತು. ನಾವು ಹೋದ ನಾಲ್ಕನೆಯ ದಿನ ಪೂಜೆ, ತಿಂಡಿ ಮುಗಿಸಿ, "ಅದೇನು ಅಂತ ಒಂದ್ಸಲ ನೋಡ್ಕಂಡು ಬರಾನ ನಡಿ" ಅಂದಳು.

ಹತ್ತು ಗಂಟೆಗೆ ಅಲ್ಲಿದ್ದೆವು. ಆಫೀಸಿಗೆ ಹೋಗುವವರ ಹೊತ್ತು. ಫುಟ್‌ಪಾತಿನಲ್ಲಿ ನಿಂತು ನಾಲ್ಕು ಸಲ ದೀಪ ಬದಲಾಗುವುದನ್ನು ನೋಡಿದೆವು. ಭಾವ ಹೆಚ್ಚೇನೂ ಸೇರಿಸಿ ಬರೆದಿರಲಿಲ್ಲ. ಇಷ್ಟು ಜನದಲ್ಲಿ ಒಬ್ಬರೂ ಒಬ್ಬರ ಮುಖ ನೋಡುವುದಿಲ್ಲವಲ್ಲ ಎಂದು ಅವ್ವ ಆಶ್ಚರ್ಯಪಟ್ಟಳು. ಆಮೇಲೆ ತಾನೂ ದಾಟಬೇಕು ಅಂದಳು.

ಐದನೆಯ ಸಲ ನಾವೂ ಇಳಿದೆವು. ಎದುರಿನಿಂದ ಅಷ್ಟೇ ಜನ ನಮ್ಮ ಮೇಲೆ ಬಂದರು. ಯಾರದೋ ಚೀಲದ ಪಟ್ಟಿ ಅವ್ವನ ಸೆರಗಿಗೆ ಸಿಕ್ಕಿತು. ಬಿಡಿಸಿಕೊಳ್ಳುವಷ್ಟರಲ್ಲಿ ದೀಪ ಬದಲಾಯಿತು. ನಾನು ಗಾಬರಿಯಿಂದ ಅವಳ ಕೈ ಹಿಡಿದು ಜೋರಾಗಿ ಎಳೆದುಕೊಂಡು ಆಚೆ ದಡ ಮುಟ್ಟಿಸಿದೆ. ನಗುತ್ತ ತಿರುಗಿ ನೋಡಿದರೆ ಅವ್ವ ಎದೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಕೊರಳಲ್ಲಿ ಶಿವದಾರದ ಒಂದು ತುಂಡು ಮಾತ್ರ ಇತ್ತು. ಕರಡಿಗೆ ಇರಲಿಲ್ಲ.

ಆ ಪುಟ್ಟ ಬೆಳ್ಳಿಯ ಕರಡಿಗೆಯಲ್ಲಿದ್ದದ್ದು ಚಿಕ್ಕ ಹುಡುಗಿಯಾಗಿದ್ದಾಗ ಗುರುಗಳು ಅವಳಿಗೆ ಕಟ್ಟಿದ ಇಷ್ಟಲಿಂಗ. ಮನೆಯಲ್ಲಿ ಅದನ್ನು ಅವಳಲ್ಲದೆ ಬೇರೆ ಯಾರೂ ಮುಟ್ಟುತ್ತಿರಲಿಲ್ಲ. ಅದು ಕಳೆದರೆ ಮತ್ತೆ ಸಿಗುವವರೆಗೆ, ಇಲ್ಲವೇ ಗುರುಗಳು ಬೇರೆ ಕಟ್ಟುವವರೆಗೆ ಅನ್ನ ನೀರು ಇಲ್ಲ. ಅವ್ವನ ತವರಿನಲ್ಲಿ ನೇಮ ಇನ್ನೂ ಬಿಗಿ, ಉಗುಳನ್ನೂ ನುಂಗುವಂತಿಲ್ಲ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನು ಏನು ಕೇಳಿದರೂ ತಲೆಯಾಡಿಸಿದಳೇ ಹೊರತು ಮಾತಾಡಲಿಲ್ಲ.

ಊರಿಗೆ ಹೋಗಿ ಸ್ವಾಮಿಗಳನ್ನು ಕಾಣಲು ಕಡಿಮೆಯೆಂದರೂ ಎರಡು ದಿನ ಬೇಕು. ಅವ್ವನಿಗೆ ಅರವತ್ತು ದಾಟಿತ್ತು, ರಕ್ತದೊತ್ತಡಕ್ಕೆ ಮಾತ್ರೆ ನುಂಗುತ್ತಿದ್ದಳು. ಅವಳನ್ನು ಒಂದು ಅಂಗಡಿಯ ಮೆಟ್ಟಿಲ ಮೇಲೆ ಕೂರಿಸಿ, ಒಂದು ಲೋಟ ನೀರು ತಂದು, "ಇಲ್ಲಿ ಯಾರವ್ವ ನೋಡ್ತಾರೆ, ಕುಡಿ" ಅಂದೆ. ಅವಳು ನನ್ನನ್ನು ನೋಡಿದ ರೀತಿಗೆ ಲೋಟ ವಾಪಸ್ ಕೊಟ್ಟು ರಸ್ತೆಗೆ ಇಳಿದೆ.

ನೆಲ ನೋಡುತ್ತ ಆಚೆಗೆ ಹೋದೆ, ಈಚೆಗೆ ಬಂದೆ. ಡಿಕ್ಕಿ ಹೊಡೆದವರು ಬೈದರು. ಬೀಡಿ ತುಂಡು, ಹರಿದ ಟಿಕೆಟ್ಟು, ಒಂದು ಗುಂಡಿ, ನಡುಗಟ್ಟೆಯ ಪಕ್ಕದಲ್ಲಿ ಪೊಲೀಸಿನವರ ಒಂದು ಟೋಪಿ, ಇಷ್ಟು ಕಂಡವು. ಟೋಪಿಯ ಪಕ್ಕದಲ್ಲೇ ಟ್ರಾಫಿಕ್ ಪೇದೆ ಬರಿತಲೆಯಲ್ಲಿ ನಿಂತು ಕೈ ತೋರಿಸುತ್ತಿದ್ದ. ಸೆಕೆಗೆ ತೆಗೆದಿಟ್ಟಿದ್ದಾನೆ ಅಂದುಕೊಂಡು ಎರಡು ಸಲವೂ ಅದನ್ನು ಸುತ್ತಿಕೊಂಡು ಹೋದೆ.

ಮೂರನೆಯ ಸಲ ದೀಪ ಬದಲಾದದ್ದು ನನಗೆ ಗೊತ್ತಾಗಲಿಲ್ಲ. ಪೇದೆ ಸೀಟಿ ಊದಿ ರಟ್ಟೆ ಹಿಡಿದು ಎಳೆದ. ಒಂದು ಬಸ್ಸು ನನ್ನ ಅಂಗಿಗೆ ತಾಗಿದಂತೆ ಹೋಯಿತು. ಅವನು ಮರಾಠಿಯಲ್ಲಿ ಬೈಯುತ್ತಿದ್ದ. ನಾನು ನನಗೆ ಬಂದಷ್ಟು ಹಿಂದಿಯಲ್ಲಿ, ಅಮ್ಮ, ಬೆಳ್ಳಿ, ಡಬ್ಬಿ ಎಂದು ತೊದಲಿದೆ. ಅವನು ನನ್ನ ಹಣೆಯ ವಿಭೂತಿ ನೋಡಿ ಕನ್ನಡದಲ್ಲೇ ಕೇಳಿದ:

"ಲಿಂಗದ ಕರಡಿಗಿ ಏನೋ?"

ತಲೆಯಾಡಿಸಿದೆ. ಅವನು ಟೋಪಿಯ ಕಡೆ ಕಣ್ಣು ತೋರಿಸಿದ.

"ಅದರ ಕೆಳಗೈತಿ. ನಾ ಮುಟ್ಟಿಲ್ಲ. ನಿಮ್ಮವ್ವನ್ನ ಕರಕೊಂಡ ಬಾ, ಆಕೀನ ತಗೋಬೇಕು."

ಸೊಲ್ಲಾಪುರದವನಂತೆ. ತಾನು ನಿಮ್ಮವನಲ್ಲ, ಆದರೆ ತಮ್ಮ ಓಣಿಯಲ್ಲಿ ನಿಮ್ಮ ಮಂದಿ ಇದ್ದಾರೆ, ಅದಕ್ಕೇ ಗೊತ್ತು ಅಂದ. ಜನರ ಕಾಲಲ್ಲಿ ಉರುಳಾಡುತ್ತಿದ್ದದ್ದನ್ನು ಕಂಡು ಟೋಪಿ ಮುಚ್ಚಿ, ಕಳೆದುಕೊಂಡವರು ಬಂದೇ ಬರುತ್ತಾರೆ ಎಂದು ತನ್ನ ಜಾಗ ಬಿಟ್ಟು ಅದರ ಪಕ್ಕವೇ ನಿಂತಿದ್ದ. ನಾನು ಗಡಿಯಾರ ನೋಡಿದೆ. ನಾವು ದಾಟಿ ಇಪ್ಪತ್ತೈದು ನಿಮಿಷವಾಗಿತ್ತು.

ಅವ್ವನನ್ನು ಕರೆತಂದೆ. ಅವನು ಎರಡೂ ಕಡೆಯ ಗಾಡಿಗಳನ್ನು ನಿಲ್ಲಿಸಿ ಟೋಪಿ ಎತ್ತಿದ. ಅವ್ವ ಆ ರಸ್ತೆಯ ಮಧ್ಯೆ ಕುಕ್ಕರಗಾಲಲ್ಲಿ ಕೂತು ಕರಡಿಗೆಯನ್ನು ಸೆರಗಿನಿಂದ ಒರೆಸಿ, ಮುಚ್ಚಳ ತೆಗೆದು ನೋಡಿ, ಕಣ್ಣಿಗೊತ್ತಿಕೊಂಡಳು. ಹರಿದ ದಾರಕ್ಕೆ ನಿಧಾನವಾಗಿ ಗಂಟು ಹಾಕಿ ಕೊರಳಿಗೆ ಹಾಕಿಕೊಂಡಳು. ಅಷ್ಟು ಹೊತ್ತೂ ಬಸ್ಸುಗಳು ಹಾರ್ನ್ ಹೊಡೆಯುತ್ತಲೇ ಇದ್ದವು. ಗಂಟಲು ಒಮ್ಮೆ ಅಲುಗಿತು, ಉಗುಳು ನುಂಗಿದಳು. ಎದ್ದು ನಿಂತು ಅವನಿಗೆ ಹೇಳಿದಳು:

"ನೀನು ಮುಟ್ಟಿದ್ರೂ ಏನೂ ಆಗ್ತಿರಲಿಲ್ಲ ಕಣಪ್ಪ."

ಅವನು ಟೋಪಿ ಕೊಡವುತ್ತ, "ಬಸ್ಸು ನಿಂತಾವ, ಮೊದಲ ದಾಟ್ರಿ ಯವ್ವ" ಅಂದ.

ಅದೇ ಅಂಗಡಿಯಲ್ಲಿ ಅವ್ವ ಎರಡು ಲೋಟ ನೀರು ಕುಡಿದಳು. ಅಕ್ಕನ ಮನೆಗೆ ಹೋಗುವಾಗ ರೈಲಿನಲ್ಲಿ, ಹಾಗಾದರೆ ನಾವು ಮುಟ್ಟಿದರೆ ಯಾಕೆ ಬೈತೀಯ ಎಂದು ಕೇಳಿದೆ. "ಅವ್ನಿಗೆ ಹೇಳ್ದೆ. ನಿಂಗಲ್ಲ, ಬುಡು" ಅಂದಳು.

ಪೇದೆಯ ಹೆಸರು ಕೇಳಲಿಲ್ಲ. ಸುದ್ದಿ ಬರೆಯುವವನಾಗಿ ನಾನು ಮೊದಲು ಕೇಳಬೇಕಾಗಿದ್ದು ಅದೇ. ಆದರೆ ಇಷ್ಟು ವರ್ಷಗಳ ನಂತರವೂ ನನ್ನನ್ನು ಚುಚ್ಚುವುದು ಅದಲ್ಲ, ಯಾರು ನೋಡುತ್ತಾರೆ ಎಂದು ಆ ಬೆಳಿಗ್ಗೆ ನಾನು ಹೇಳಿದ ಮಾತು. ನಾನು ಹಾಗೆ ಹೇಳುತ್ತಿದ್ದ ಹೊತ್ತಿನಲ್ಲೇ, ಅವ್ವನನ್ನು ನೋಡಿಯೇ ಇರದ ಒಬ್ಬ ಮನುಷ್ಯ ರಸ್ತೆಯ ಮಧ್ಯೆ ಬರಿತಲೆಯಲ್ಲಿ ನಿಂತು ಅವಳ ನೇಮವನ್ನು ಕಾಯುತ್ತಿದ್ದ.